ಬಾವಿ ದಂಡೆಯ ಕೂಗು

ಆ ಬೆಳಿಗ್ಗೆ ಬಾವಿಯ ಕಡೆಯಿಂದ ಕೂಗು ಕೇಳಿಸಿತೋ ಇಲ್ಲವೋ, ನನಗೆ ಖಚಿತವಿಲ್ಲ. ಕೇಳಿಸಿದ ಹಾಗೆ ನೆನಪಿದೆ. ಭಾವನ ದನಿ, "ಮದ್ದೈತ್ರೋ, ದೂರ ಸರೀರೋ" ಎಂಬ ಮಾತು, ಕೊನೆಯ ಅಕ್ಷರವನ್ನು ಅವರು ಎಳೆಯುತ್ತಿದ್ದ ರೀತಿ, ಎಲ್ಲ ಇದೆ. ನಾನು ಆಗ ಅಕ್ಕನ ಮನೆಯ ಹಿತ್ತಲಲ್ಲಿ ಹಲ್ಲುಜ್ಜುತ್ತಿದ್ದೆ ಎಂಬ ಚಿತ್ರವೂ ಇದೆ. ಆದರೆ ಆ ಚಿತ್ರದಲ್ಲಿ ನನ್ನ ಅಂಗೈಯಲ್ಲಿರುವ ಹಲ್ಲುಪುಡಿ ಒಂದು ಸಲ ಕಪ್ಪಗಿರುತ್ತದೆ, ಇನ್ನೊಂದು ಸಲ ಕೆಂಪಗಿರುತ್ತದೆ. ಹಿತ್ತಲಲ್ಲಿ ಒಮ್ಮೆ ಬಿಸಿಲಿರುತ್ತದೆ, ಒಮ್ಮೆ ಮೋಡ. ಇಂಥ ಸಾಕ್ಷಿಯನ್ನು ನಾನು ನಂಬುವುದಿಲ್ಲ, ಆ ಸಾಕ್ಷಿ ನಾನೇ ಆದರೂ.

ಅನುಮಾನವಿಲ್ಲದ ಸಂಗತಿಗಳು ಕೆಲವೇ. ಎಪ್ಪತ್ತರ ದಶಕ ಮುಗಿಯುತ್ತಿತ್ತು. ಚನ್ನಗಿರಿಯ ನಮ್ಮ ಮನೆಯಿಂದ ಅಕ್ಕನನ್ನು ಜಗಳೂರಿನ ಹತ್ತಿರದ ಹಳ್ಳಿಗೆ ಕೊಟ್ಟು ಐದಾರು ವರ್ಷವಾಗಿತ್ತು. ಅವಳಿಗೆ ಒಬ್ಬಳೇ ಮಗಳು. ನಾನು ಮೈಸೂರಿನಲ್ಲಿ ಜೀವರಸಾಯನದ ಎಂ.ಎಸ್ಸಿ. ಓದುತ್ತಿದ್ದು, ರಜೆಗೆಂದು ಅಕ್ಕನ ಊರಿಗೆ ಹೋಗಿದ್ದೆ. ಅಲ್ಲಿ ಭಾವ ಮತ್ತು ಅವರ ತಮ್ಮ ಹೊಲದ ಬಾವಿಯನ್ನು ಇನ್ನಷ್ಟು ಆಳ ಮಾಡಿಸುತ್ತಿದ್ದರು. ಒಂದು ಬೆಳಿಗ್ಗೆ ಬಾವಿಯೊಳಗೆ ಮದ್ದು ಹಾರಿತು. ಭಾವ ಸತ್ತರು. ರೊಟ್ಟಿಬುಟ್ಟಿ ಹೊತ್ತು ಬಂದಿದ್ದ ಅಕ್ಕ ದಂಡೆಯ ಮೇಲೆ ನಿಂತು ಅದನ್ನು ನೋಡಿದಳು. ಅವಳ ಮೈಗೆ ಒಂದು ಕಲ್ಲಿನ ಚೂರೂ ತಾಗಲಿಲ್ಲ. ಇದನ್ನು ಊರಿನವರು ಅದೃಷ್ಟ ಎಂದರು. ಆಮೇಲೆ ಅದನ್ನೇ ಅಪರಾಧ ಎಂದರು.

ಆ ಕಡೆ ಬಾವಿ ಎಂದರೆ ಮೇಲೆ ಮಣ್ಣು, ಕೆಳಗೆ ಬರೀ ಬಂಡೆ. ಮೇಸ್ತ್ರಿಯ ಗುಂಪು ಹಗಲೆಲ್ಲ ಬಂಡೆಯಲ್ಲಿ ಉಳಿ ಹೊಡೆದು ಕುಳಿ ತೋಡುತ್ತಿತ್ತು. ಸಂಜೆ ದನಕರು, ಜನ ಹೊಲದಿಂದ ತಿರುಗಿದ ಮೇಲೆ ಕುಳಿಗಳಿಗೆ ಮದ್ದು ತುಂಬಿ, ಬತ್ತಿಗೆ ಬೆಂಕಿ ಹಚ್ಚಿ ಮೇಸ್ತ್ರಿ ಮೆಟ್ಟಿಲು ಹತ್ತಿ ಓಡಿಬರುತ್ತಿದ್ದ. ಅದಕ್ಕೆ ಮೊದಲು ದಂಡೆಯ ಮೇಲೆ ನಿಂತು ಎಲ್ಲರಿಗೂ ಕೇಳುವಂತೆ ಕೂಗು ಹಾಕುವುದು ಭಾವನ ಕೆಲಸ. ಅವರ ಗಂಟಲು ಅಷ್ಟು ದೊಡ್ಡದು. ನಾನಿದ್ದಷ್ಟು ದಿನ ಪ್ರತಿ ಸಂಜೆ ಆ ಕೂಗು ಕೇಳಿದ್ದೇನೆ. ಇಡೀ ಊರು ಕೇಳಿದೆ.

ಭಾವನ ಮಣ್ಣಾದ ಮೂರನೆಯ ದಿನಕ್ಕೇ ಅವರ ತಮ್ಮ ಒಂದು ಕಥೆ ಕಟ್ಟಿದ್ದ. ಅಣ್ಣ ಕೂಗು ಹಾಕಿದ, ಇಳಿದು ಬತ್ತಿ ಹಚ್ಚಿದ, ಮೆಟ್ಟಿಲು ಹತ್ತಿ ಬರುತ್ತಿದ್ದ. ಕೂಗು ಕೇಳಿಯೂ ಕಿವಿಗೆ ಹಾಕಿಕೊಳ್ಳದ ಅತ್ತಿಗೆ ಮೆಟ್ಟಿಲಿನ ಬಾಯಿಗೇ ಬಂದು ನಿಂತಳು. ಹಿಂದೆ ಸರಿ ಎಂದು ಅವಳಿಗೆ ಹೇಳುವುದಕ್ಕೆ ಅಣ್ಣ ನಿಂತ. ಅಷ್ಟರಲ್ಲಿ ಹಾರಿತು. ಸರಳವಾದ, ನೆನಪಿಡಲು ಸುಲಭವಾದ ಕಥೆ. ತಿಥಿ ಮುಗಿಯುವ ಹೊತ್ತಿಗೆ ಅದು ಊರಿನ ಆಸ್ತಿಯಾಗಿತ್ತು. ಕೂಗು ನನಗೂ ಕೇಳಿಸಿತು, ನನಗೂ ಕೇಳಿಸಿತು ಎಂದು ಹೆಂಗಸರು ಗಂಡಸರು ಎಲ್ಲ ಹೇಳತೊಡಗಿದರು. ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಅದು ನನಗೆ ಇವತ್ತಿಗೂ ಸಿಟ್ಟು ಬರಿಸುತ್ತದೆ. ಸುಳ್ಳು ಹೇಳಿದ್ದರೆ ಹಿಡಿಯಬಹುದಿತ್ತು.

ಅಕ್ಕ ಎದುರು ಮಾತಾಡಲಿಲ್ಲ. ಅವಳಿಗೆ ಆಗ ಮಾತೇ ಕಡಿಮೆಯಾಗಿತ್ತು. ಪಕ್ಕದ ಮನೆಯಲ್ಲಿ ಒನಕೆ ಬಿದ್ದರೆ ಬೆಚ್ಚಿ ಗೋಡೆಗೆ ಒತ್ತಿಕೊಳ್ಳುತ್ತಿದ್ದಳು. ತಾಮ್ರದ ಕೊಡ ಕೈಜಾರಿದರೆ ನೆಲಕ್ಕೆ ಕುಕ್ಕರಿಸಿ ತಲೆ ಮುಚ್ಚಿಕೊಳ್ಳುತ್ತಿದ್ದಳು. ಒಂದು ಮಧ್ಯಾಹ್ನ ಹುರುಳಿಕಾಳು ಬೇಯುವ ವಾಸನೆಗೆ ಎದ್ದು ಬಯಲಿಗೆ ಓಡಿದಳು. ಯಾಕೆಂದು ಯಾರಿಗೂ ಗೊತ್ತಾಗಲಿಲ್ಲ. ಕೇಳುವ ಗೋಜಿಗೂ ಯಾರೂ ಹೋಗಲಿಲ್ಲ.

ಆ ಮನೆಯವರಿಗೆ ತಿಳಿದ ಮದ್ದು ಒಂದಿತ್ತು. ಅಂಜಿಕೊಂಡವರನ್ನು ಅಂಜಿದ ಜಾಗಕ್ಕೇ ಕರೆದುಕೊಂಡು ಹೋಗಬೇಕು. ಅಲ್ಲಿಯ ಮಣ್ಣನ್ನು ನೀರಿನಲ್ಲಿ ಕದಡಿ ಹಣೆಗೆ ಹಚ್ಚಿ, ಒಂದು ಗುಟುಕು ಕುಡಿಸಿ, ಅವರ ತಲೆಯ ಮೇಲಿಂದ ಕಲ್ಲು ನೀವಾಳಿಸಿ ಎಸೆಯಬೇಕು. ಅಂಜಿಕೆ ಬಂದ ದಾರಿಯಲ್ಲೇ ವಾಪಸು ಹೋಗುತ್ತದಂತೆ. ಮಗು ನಾಯಿಗೋ ಕತ್ತಲಿಗೋ ಹೆದರಿಕೊಂಡಾಗ ಮಾಡುವ ಉಪಚಾರ ಇದು. ಅದನ್ನು ಅವರು ಗಂಡನ ಸಾವನ್ನು ಕಣ್ಣಾರೆ ಕಂಡವಳಿಗೆ ಮಾಡಿದರು. ಅಮಾವಾಸ್ಯೆಗೊಮ್ಮೆ ಅಕ್ಕನ ಎರಡೂ ತೋಳು ಹಿಡಿದು ಅದೇ ದಂಡೆಯ ಮೇಲೆ ನಿಲ್ಲಿಸಿದರು. ನೀವಾಳಿಸಿದ ಕಲ್ಲನ್ನು ಬಾವಿಗೇ ಎಸೆದರು. ಕಲ್ಲು ಬಂಡೆಗೆ ಬಡಿದು ಸದ್ದಾಗುತ್ತಿತ್ತು. ಪ್ರತಿ ಸಲವೂ ಅವಳು ಕಿರುಚಿಕೊಂಡಳು. ಕಿರುಚಿದ್ದನ್ನು ನೋಡಿ, "ಹೋಗ್ತಾ ಐತೆ, ಹೋಗ್ತಾ ಐತೆ" ಎಂದರು.

ನಾನು ಓದುತ್ತಿದ್ದುದು ಇದನ್ನೇ. ಪ್ರಯೋಗಶಾಲೆಯಲ್ಲಿ ನಮ್ಮ ಮುಂದೆ ಇಲಿಗಳಿದ್ದವು. ಅಪಾಯ ಎದುರಾದಾಗ ಮೂತ್ರಪಿಂಡಗಳ ಮೇಲೆ ಟೊಪ್ಪಿಗೆಯ ಹಾಗೆ ಕೂತಿರುವ ಎರಡು ಪುಟ್ಟ ಗ್ರಂಥಿಗಳು ಅಡ್ರಿನಲಿನ್ ಸುರಿಸುತ್ತವೆ. ಎದೆ ಬಡಿದುಕೊಳ್ಳುತ್ತದೆ, ಬೆವರೊಡೆಯುತ್ತದೆ, ಮೈ ಓಡಲು ಸಿದ್ಧವಾಗುತ್ತದೆ. ಸ್ವಲ್ಪ ಹೊತ್ತಿಗೆ ಅದೇ ಗ್ರಂಥಿಗಳಿಂದ ಕಾರ್ಟಿಸಾಲ್ ಬರುತ್ತದೆ. ಮೈಗೆ ಶಕ್ತಿ ಒದಗಿಸುವುದರ ಜೊತೆಗೆ, ಅಪಾಯ ಕಳೆಯಿತು, ಸಾಕು ಎಂದು ಇಡೀ ಗಲಾಟೆಯನ್ನು ಇಳಿಸುವುದೂ ಅದರ ಕೆಲಸ. ಭಯಪಟ್ಟ ಇಲಿಗೆ ಆ ಗಳಿಗೆಯಲ್ಲಿ ಅಡ್ರಿನಲಿನ್ ಚುಚ್ಚಿದರೆ ಅದು ಕಲಿತ ಪಾಠ ಗಟ್ಟಿಯಾಗಿ ಕೂರುತ್ತದೆ. ಆ ಮನೆಯವರು ಅಕ್ಕನಿಗೆ ತಿಂಗಳಿಗೊಮ್ಮೆ ಪಾಠ ಗಟ್ಟಿ ಮಾಡಿಸುತ್ತಿದ್ದರು. ಅಂಜಿಕೆಯನ್ನು ಹೊರಗೆ ಕಳಿಸುತ್ತೇವೆ ಎಂದು ಒಳಗೆ ಬಡಿಯುತ್ತಿದ್ದರು.

ಹಾಗೆಂದು ವಿದ್ಯಾವಂತರು ವಾಸಿ ಇದ್ದರೆಂದು ಯಾರೂ ತಿಳಿಯಬಾರದು. ನ್ಯಾಮತಿ ನನ್ನ ತಾಯಿಯ ತವರು. ಅಲ್ಲಿಯವರ ಪರಿಚಯದಿಂದ ಹೊನ್ನಾಳಿಯ ಒಬ್ಬ ವೈದ್ಯರ ಬಳಿ ಅಕ್ಕನನ್ನು ಕರೆದುಕೊಂಡು ಹೋದೆವು. ಅವರು ಅವಳ ನಾಡಿ ಹಿಡಿದರು, ಕಣ್ಣರೆಪ್ಪೆ ಎಳೆದು ನೋಡಿದರು. ಅವಳನ್ನು ಒಂದು ಮಾತೂ ಕೇಳಲಿಲ್ಲ. ಕೆಂಪು ಬಣ್ಣದ ವಿಟಮಿನ್ ಇಂಜೆಕ್ಷನ್ ಕೊಟ್ಟು ಅಪ್ಪನಿಗೆ ಹೇಳಿದರು:

"ನರದ ವೀಕ್ನೆಸ್ಸು ಇವ್ರೆ. ಸಣ್ಣ ವಯಸ್ಸು ನೋಡ್ರಿ. ಇನ್ನೊಂದು ಮದುವೆ ಮಾಡ್ರಿ, ಎಲ್ಲ ಸರಿ ಹೋಗ್ತದೆ."

"ಸಾರ್, ಸದ್ದು ಆದ್ರೆ ಬೀಳ್ತಾಳೆ," ಎಂದೆ ನಾನು. "ಅಡ್ರಿನಲ್ ಗ್ರಂಥಿ..."

"ಏನು ಓದ್ತಾ ಇದೀಯ?"

"ಬಯೋಕೆಮಿಸ್ಟ್ರಿ."

"ಸರಿ ಬಿಡು. ಟೆಸ್ಟ್ ಟ್ಯೂಬ್ ತೊಳಿ ಹೋಗು."

ಅಪ್ಪ ಅವರಿಗೆ ಕೈಮುಗಿದರು. ನಾನು ಹೊರಗೆ ಬಂದು ಆ ವೈದ್ಯರ ಸೈಕಲ್ಲಿನ ಗಾಳಿ ಬಿಟ್ಟೆ. ಹಾಗೆ ಮಾಡಿದ ನೆನಪಿದೆ. ಮಾಡಬೇಕೆಂದುಕೊಂಡು ಬಿಟ್ಟದ್ದೂ ಇರಬಹುದು.

ಇದೆಲ್ಲ ಹೀಗೇ ನಡೆಯುತ್ತಿತ್ತೇನೋ. ಮರುವರ್ಷ ಶೇಂಗಾ ಸುಗ್ಗಿಯಲ್ಲಿ ಅದು ಬೇರೆ ತಿರುವು ತೆಗೆದುಕೊಂಡಿತು. ಮನೆಯ ಮುಂದೆ ಶೇಂಗಾ ಸುಲಿಯುವ ಯಂತ್ರ ತಂದು ನಿಲ್ಲಿಸಿದ್ದರು. ಅದರ ಎಂಜಿನ್ ಒಮ್ಮೆಲೇ ಢಮ್ ಎಂದಿತು. ಅಂಗಳದಲ್ಲಿ ಆಡುತ್ತಿದ್ದ ಮಗಳ ಮೇಲೆ ಅಕ್ಕ ಹಾರಿ ಬಿದ್ದು, ಅವಳನ್ನು ತನ್ನ ಮೈಯಿಂದ ಮುಚ್ಚಿಬಿಟ್ಟಳು. ಮಗುವಿನ ಮೊಣಕೈ ಕೀಲು ತಪ್ಪಿತು. ನಾಟಿ ವೈದ್ಯ ಬಂದು ಕೂರಿಸಿ ಕಟ್ಟಿದ. ಕೈ ವಾಸಿಯಾಯಿತು. ಆದರೆ ಭಾವನ ತಮ್ಮನಿಗೆ ಬೇಕಾದದ್ದು ಸಿಕ್ಕಿತ್ತು. ಅತ್ತಿಗೆಗೆ ಹುಚ್ಚು, ಮಗುವನ್ನು ಅವಳ ಕೈಯಲ್ಲಿ ಬಿಡುವುದಕ್ಕಾಗದು, ಅವಳನ್ನು ತವರಿಗೆ ಕರೆದುಕೊಂಡು ಹೋಗಿ, ಮಗು ಇಲ್ಲಿರಲಿ ಎಂದು ಅಪ್ಪನಿಗೆ ಹೇಳಿ ಕಳಿಸಿದ. ಭಾವನ ಪಾಲಿನ ಹೊಲ ಆ ಹುಡುಗಿಯ ಹಿಂದೆ ಹೋಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಅಪ್ಪ, ನಾನು ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಹೋದೆವು. ಊರಿನ ಕಟ್ಟೆಯ ಮೇಲೆ ಹಿರಿಯರು ಕೂತಿದ್ದರು. ತೀರ್ಪು ಹೇಳುವವರು ಊರಿನ ಯಜಮಾನರು. ಬೇವಿನ ಮರದಡಿ ಹೆಂಗಸರ ಗುಂಪು, ಅದರಲ್ಲಿ ಅಕ್ಕ, ಅಕ್ಕನ ಅತ್ತೆ. ಮಗು ಅತ್ತೆಯ ತೊಡೆಯ ಮೇಲೆ.

"ಮಗು ಕೈ ಮುರಿದಾಳೆ ನೋಡ್ರಿ ಯಜಮಾನ್ರೆ," ಎಂದ ಭಾವನ ತಮ್ಮ. "ನಾಳೆ ಕುತ್ತಿಗೆ ಮುರಿಯಾಕಿಲ್ಲ ಅಂತ ಯಾರು ಹೇಳ್ತಾರೆ? ನಮ್ಮಣ್ಣನ ರಕ್ತ ಅದು. ಅವನ್ನಂತೂ ಆಕೀನೇ ತಿಂದ್ಲು."

ನಾನು ಎದ್ದು ನಿಂತೆ. ಇದು ಹುಚ್ಚಲ್ಲ, ಮೈಯೊಳಗಿನ ರಸಗಳ ಕೆಲಸ, ಮೂತ್ರಪಿಂಡದ ಮೇಲೆ ಕೂತಿರುವ ಗ್ರಂಥಿಗಳಿಂದ ಬರುವಂಥದ್ದು ಎಂದು ವಿವರಿಸತೊಡಗಿದೆ.

"ಎಲ್ಲಿ ಕೂತಿರ್ತಾವೆ ಅಂದ್ಯಪ್ಪಾ?" ಯಜಮಾನರು ಕಿವಿಗೆ ಕೈ ಹಿಡಿದರು.

"ಮೂತ್ರಪಿಂಡದ ಮ್ಯಾಲೆ."

"ಅಲ್ಲಿ ಕೂತು ತಲೆ ಕೆಡಸ್ತಾವೇನು?"

ಕಟ್ಟೆಯೆಲ್ಲ ನಕ್ಕಿತು.

"ನೀನು ಇದನ್ನ ಕಣ್ಣಾರೆ ನೋಡೀಯಾ?"

"ನೋಡೀನಿ. ಇಲಿಗಳಲ್ಲಿ."

ಈ ಸಲ ಹೆಂಗಸರೂ ನಕ್ಕರು. "ನಮ್ಮ ಎಮ್ಮೆಸ್ಸಿ ಮಾವ ಅತ್ತಿಗೇನ ಇಲಿ ಮಾಡಿದ್ನಲ್ರಪ್ಪೋ," ಎಂದ ಭಾವನ ತಮ್ಮ. ನಗು ಇಳಿಯುವವರೆಗೆ ಕಾದು ನನ್ನ ಕಡೆ ತಿರುಗಿದ. "ಅದಿರ್ಲಿ. ಅವತ್ತು ನೀನೂ ಮನ್ಯಾಗೇ ಇದ್ದೆಲ್ಲ. ಕೂಗು ಕೇಳ್ಲಿಲ್ವಾ? ಕಟ್ಟೆ ಮುಂದೆ ಸುಳ್ಳು ಹೇಳಬ್ಯಾಡ ಮತ್ತೆ."

ನಾನು ಇಲ್ಲ ಎನ್ನಲು ಬಾಯಿ ತೆರೆದೆ. ತೆರೆದ ಕೂಡಲೇ ತಲೆಯೊಳಗೆ ಭಾವನ ದನಿ ಸ್ಪಷ್ಟವಾಗಿ ಕೇಳಿಸಿತು. ಎದ್ದು ನಿಂತಿದ್ದವನು ಇಲ್ಲ ಎನ್ನಲಾಗದೆ ಕೂತುಬಿಟ್ಟೆ.

"ಯಾರು ಕೂಗಿದ್ದು?"

ಕೇಳಿದವಳು ಅಕ್ಕ. ಬೇವಿನ ಮರಕ್ಕೆ ಕೈ ಊರಿ ಎದ್ದು ನಿಂತಿದ್ದಳು.

"ಯಾರು ಅಂದ್ರೆ? ನಮ್ಮಣ್ಣ. ಊರಿಗೇ ಕೇಳೈತೆ," ಎಂದ ಅವಳ ಮೈದುನ.

"ಎಲ್ಲಿ ನಿಂತು ಕೂಗಿದ್ರು?"

"ದಿನಾ ಎಲ್ಲಿ ನಿಲ್ತಿದ್ದ? ದಂಡೆ ಮ್ಯಾಲೆ. ಆಮ್ಯಾಲೆ ಇಳಿದು ಬತ್ತಿ ಹಚ್ಚಿದ."

"ಬತ್ತಿ ಹಚ್ಚೋನು ಮೇಸ್ತ್ರಿ ಕಣಪ್ಪ. ನಿಮ್ಮಣ್ಣ ಒಂದು ದಿನ ಹಚ್ಚಿದ್ದಿಲ್ಲ. ಬೀಡಿ ಕೂಡ ಹಚ್ಚಿದೋರಲ್ಲ ಅವ್ರು. ಮೇಸ್ತ್ರಿ ಎಲ್ಲಿದ್ದ ಅವತ್ತು?"

ಭಾವನ ತಮ್ಮ ಯಜಮಾನರ ಮುಖ ನೋಡಿದ. ಜನರ ನಡುವೆ ನಿಂತಿದ್ದ ಕಮ್ಮಾರ ಗಂಟಲು ಸರಿಮಾಡಿಕೊಂಡ. "ಮೇಸ್ತ್ರಿ ನನ್ನ ಕುಲುಮ್ಯಾಗೆ ಇದ್ದ ರೀ. ಉಳಿ ಚೂಪು ಮಾಡ್ಸಾಕೆ ಬಂದಿದ್ದ. ಸದ್ದು ಕೇಳಿ ಇಬ್ರೂ ಕೂಡೇ ಓಡಿ ಹೋದ್ವಿ."

"ಇಷ್ಟು ದಿನ ಬಾಯಾಗೆ ಏನು ಇಟ್ಕಂಡಿದ್ಯೋ?" ಎಂದು ಯಜಮಾನರು ರೇಗಿದರು.

"ಯಾರು ಕೇಳಿದ್ರಿ ಯಜಮಾನ್ರೆ? ನೀವು ಕೇಳಿದ್ರಾ?"

ಅಕ್ಕನ ಕೊರಳಿನಿಂದ ಬೆವರು ಇಳಿಯುತ್ತಿತ್ತು. ಕಣ್ಣು ಯಾರ ಮೇಲೂ ಇರಲಿಲ್ಲ. ಅವಳ ಮೈಯಲ್ಲಿ ಏನು ಸುರಿಯುತ್ತಿದೆ ಎಂದು ನನಗೆ ಗೊತ್ತಿತ್ತು. ಆ ಗೊತ್ತಿನಿಂದ ಅವಳಿಗೆ ಎಳ್ಳಷ್ಟೂ ಪ್ರಯೋಜನವಿರಲಿಲ್ಲ. ಅವಳು ಮಾತಾಡಿದಳು. ಆದದ್ದನ್ನು ಹೇಳುವವಳ ಹಾಗಲ್ಲ, ಕಣ್ಣೆದುರು ಆಗುತ್ತಿರುವುದನ್ನು ಹೇಳುವವಳ ಹಾಗೆ.

"ನಾನು ಬರ್ತಾ ಇದೀನಿ. ಬುಟ್ಟಿ ತಲೆ ಮ್ಯಾಲೈತೆ. ಅವ್ರು ಕೆಳಗೆ ಹಾರೆ ಹಾಕಿ ಕಲ್ಲು ಎಬ್ಬಸ್ತಾ ಇದಾರೆ. ಠಣ್ ಠಣ್ ಅಂತೈತೆ. ತಲೆ ಎತ್ತಿ ನೋಡ್ತಾರೆ. ಏನು ಪಲ್ಯ ಅಂತಾರೆ. ಹುರುಳಿಕಾಳು ಅಂತೀನಿ. ಮತ್ತೆ ಹಾರೆ ಎತ್ತತಾರೆ..."

ಅಲ್ಲಿಗೆ ನಿಂತಳು. ಉಸಿರು ತಿರುಗಿ ಬಂದ ಮೇಲೆ ಯಜಮಾನರನ್ನು ನೇರವಾಗಿ ನೋಡಿದಳು.

"ಬತ್ತಿ ಹಚ್ಚಿದ ಮನುಷ್ಯ ಏನು ಪಲ್ಯ ಅಂತ ಕೇಳ್ತಾನೇನ್ರಿ?"

ಯಾರೂ ನಗಲಿಲ್ಲ. ಕೂಗು ಕೇಳಿದವರೆಲ್ಲ ಅಲ್ಲಿಯೇ ಇದ್ದರು. ಒಬ್ಬೊಬ್ಬರೂ ತಮ್ಮ ಕಿವಿಯನ್ನೇ ವಿಚಾರಿಸಿಕೊಳ್ಳುತ್ತಿರುವಂತೆ ಕಂಡರು. ದಿನವೂ ಸಂಜೆ ಕೇಳಿದ ಕೂಗನ್ನು ಅವರ ತಲೆಗಳು ತಾವಾಗಿಯೇ ಆ ಬೆಳಿಗ್ಗೆಯ ಮೇಲೆ ತಂದು ಕೂರಿಸಿದ್ದವು. ನನ್ನ ತಲೆಯೂ ಅದನ್ನೇ ಮಾಡಿತ್ತು, ಎಂ.ಎಸ್ಸಿ. ಓದಿಯೂ.

"ಹಂಗಾರೆ ಮದ್ದು ತಾನಾಗೇ ಹಾರ್ತಾ?" ಎಂದು ಯಜಮಾನರು ಭಾವನ ತಮ್ಮನನ್ನು ಕೇಳಿದರು.

"ನಂಗೇನ್ರಿ ಗೊತ್ತು," ಎಂದು ಅವನು ನೆಲ ನೋಡಿದ.

ತೀರ್ಪು ಎನ್ನುವಂಥದ್ದೇನೂ ಆಗಲಿಲ್ಲ. ಆ ಜನ ತಪ್ಪಾಯಿತು ಎನ್ನುವುದಿಲ್ಲ, ಹೊತ್ತಾಯಿತು ಎನ್ನುತ್ತಾರೆ. ಅಕ್ಕನ ಅತ್ತೆ ಎದ್ದು ಮಗುವನ್ನು ಅಕ್ಕನ ಸೊಂಟಕ್ಕೆ ಕೂರಿಸಿ, "ಕರ್ಕಂಡು ಹೋಗವ್ವಾ, ಇಲ್ಲಿ ಸದ್ದು ಜಾಸ್ತಿ," ಎಂದರು. ಯಜಮಾನರು ಅದನ್ನೇ ತಮ್ಮ ಮಾತೆಂಬಂತೆ ಇನ್ನೊಮ್ಮೆ ಹೇಳಿದರು. ಅದೇ ಮಧ್ಯಾಹ್ನದ ಬಸ್ಸಿಗೆ ನಾವು ನಾಲ್ವರೂ ಹೊರಟೆವು.

ಚನ್ನಗಿರಿಯಲ್ಲಿ ಅಕ್ಕ ಹೊಲಿಗೆ ಕಲಿತಳು, ಮಗಳನ್ನು ಶಾಲೆಗೆ ಹಾಕಿದಳು. ವಾಸಿಯಾದಳು ಎಂದು ಬರೆಯುವುದು ಸುಳ್ಳಾಗುತ್ತದೆ. ದೀಪಾವಳಿ ಬಂತೆಂದರೆ ನಾವು ಬುತ್ತಿ ಕಟ್ಟಿಕೊಂಡು ಸೂಳೆಕೆರೆಯ ಏರಿಗೆ ಹೋಗಿಬಿಡುತ್ತಿದ್ದೆವು, ಪಟಾಕಿ ಕೇಳಿಸದಷ್ಟು ದೂರಕ್ಕೆ. ದಾರಿಯಲ್ಲಿ ಸಿಕ್ಕವರು, "ಏನ್ರೀ, ಹಬ್ಬ ಬಿಟ್ಟು ಕೆರೆ ಕಾಯಾಕೆ ಹೊಂಟ್ರಿ?" ಎಂದು ನಗುತ್ತಿದ್ದರು. ಅಪ್ಪ ಏನಾದರೊಂದು ಹಾರಿಕೆಯ ಉತ್ತರ ಕೊಡುತ್ತಿದ್ದರು. ನಾನು ಕೊಡುತ್ತಿರಲಿಲ್ಲ, ಹಲ್ಲು ಕಚ್ಚಿಕೊಂಡು ಮುಂದೆ ನಡೆಯುತ್ತಿದ್ದೆ.

ಎಂಬತ್ತರ ದಶಕದಲ್ಲಿ ಈ ಕಾಯಿಲೆಗೆ ಪುಸ್ತಕಗಳಲ್ಲಿ ಒಂದು ಹೆಸರು ಕಾಣಿಸಿಕೊಂಡಿತು. ಆಘಾತದ ನಂತರದ ಒತ್ತಡದ ಕಾಯಿಲೆ. ಓದಿದರೆ ಯುದ್ಧದಿಂದ ಮರಳಿದ ಸೈನಿಕರ ಮಾತೇ ಎಲ್ಲ ಕಡೆ. ಬಂದೂಕು ಹಿಡಿದವನ ನಡುಕಕ್ಕೆ ಹೆಸರು ಸಿಕ್ಕಿತ್ತು. ಬುತ್ತಿ ಹೊತ್ತು ಹೋದವಳ ನಡುಕಕ್ಕೆ ಹುಚ್ಚು ಎಂಬ ಹಳೆಯ ಹೆಸರೇ ಸಾಕಾಗಿತ್ತು. ಆ ದಶಕದ ಕೊನೆಗೆ ಇನ್ನೊಂದು ವಿಚಿತ್ರ ಓದಿದೆ. ಇಂಥವರ ಮೈಯಲ್ಲಿ ಕಾರ್ಟಿಸಾಲ್ ಹೆಚ್ಚಿರಬೇಕು ಎಂದು ಎಲ್ಲರೂ ಎಣಿಸಿದ್ದರು. ಅಳೆದು ನೋಡಿದರೆ ಹಲವರಲ್ಲಿ ಅದು ಕಡಿಮೆಯಿತ್ತು, ಅಡ್ರಿನಲಿನ್ನಿನ ಸೋದರನಾದ ನಾರ್‌ಅಡ್ರಿನಲಿನ್ ಹೆಚ್ಚಿತ್ತು. ಅಂದರೆ ಗಂಟೆ ಬಾರಿಸುವ ಕೈಗೆ ಬಲ ಜಾಸ್ತಿ, ನಿಲ್ಲಿಸುವ ಕೈ ಸೋತಿದೆ. ನಾನು ನನ್ನ ಗುರುಗಳಿಂದ ಕಲಿತದ್ದು ಅರ್ಧವೇ ಆಗಿತ್ತು. ಇದು ಅಕ್ಕನ ವಿಷಯದಲ್ಲಿ ನಿಜವೋ ಇಲ್ಲವೋ ಹೇಳಲಾರೆ. ಅವಳ ರಕ್ತವನ್ನು ಯಾರೂ ಅಳೆಯಲಿಲ್ಲ. ಅಳೆಯಬೇಕೆಂದು ಯಾರಿಗೂ ಅನ್ನಿಸಲೇ ಇಲ್ಲ.

ಯಜಮಾನರ ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ. ಮದ್ದು ತಾನಾಗಿ ಹಾರುವುದಿಲ್ಲ. ಎಂಬತ್ತರ ದಶಕದ ನಡುವೆ ಹೊನ್ನಾಳಿ ಕಡೆಯ ಹಳ್ಳಿಯೊಂದರಲ್ಲಿ ಅದೇ ಮೇಸ್ತ್ರಿ ಬಾವಿ ತೋಡಿಸುತ್ತಿದ್ದಾನೆಂದು ತಿಳಿದು ಹುಡುಕಿಕೊಂಡು ಹೋದೆ. ಅವನು ನನ್ನನ್ನು ದಂಡೆಯಿಂದ ಆಚೆ ಕರೆದುಕೊಂಡು ಹೋದ. ಆಮೇಲೆ ಹೇಳಿದ:

"ಹಿಂದಿನ ದಿನ ಸಂಜೆ ಆರು ಕುಳಿ ತುಂಬಿದ್ವಿ ಸಾಮಿ. ಐದು ಸದ್ದು ಬಂತು. ಒಂದು ಒಳಗೇ ಕೂತ್ಕಂತು. ಅದರ ಮ್ಯಾಲೆ ಹಾರೆ ಬಿದ್ರೆ ಮುಗೀತು. ಬೆಳಿಗ್ಗೆ ನಾನು ಬರೋಗಂಟ ಯಾರೂ ಇಳೀಬ್ಯಾಡ್ರಿ ಅಂತ ಸಣ್ಣೋನಿಗೆ ಹೇಳಿ ಹೋಗಿದ್ದೆ."

ಸಣ್ಣೋನು ಎಂದರೆ ಭಾವನ ತಮ್ಮ. ಆದರೂ ಮೇಸ್ತ್ರಿಯ ಮಾತನ್ನು ನಾನು ಪೂರ್ತಿ ನಂಬಲಿಲ್ಲ. ತಪ್ಪು ತನ್ನ ಮೇಲೆ ಬಾರದಂತೆ ಹೇಳುವ ಕಾರಣ ಅವನಿಗಿತ್ತು. ಹಾಗಾಗಿ ಜಗಳೂರಿನ ಕಡೆ ಹೋಗಿ ಅಕ್ಕನ ಅತ್ತೆಯನ್ನು ಕಂಡೆ. ಮೇಸ್ತ್ರಿ ಸಿಕ್ಕಿದ್ದನೆಂದು ಹೇಳಲಿಲ್ಲ. ಆ ಹಿಂದಿನ ಸಂಜೆ ನೀವು ಏನು ಮಾಡುತ್ತಿದ್ದಿರಿ ಎಂದಷ್ಟೇ ಕೇಳಿದೆ.

"ಏನು ಮಾಡ್ತೀನಪ್ಪಾ, ಎಮ್ಮೆ ಹಿಂಡ್ತಿದ್ದೆ," ಎಂದರು. "ಮದ್ದಿನ ಸದ್ದಿಗೆ ಬೆದರಿದ್ರೆ ಎಮ್ಮೆ ಹಾಲು ಬಿಡಂಗಿಲ್ಲ ನೋಡು. ಅದಕ್ಕೆ ಇವತ್ತು ಎಷ್ಟು ಕುಳಿ ಅಂತ ಕೇಳ್ಕಂಡು, ಅಷ್ಟೂ ಮುಗಿದ ಮ್ಯಾಲೆ ಹಿಂಡಾಕೆ ಕೂಡ್ತಿದ್ದೆ. ಅವತ್ತು ಆರು ಅಂದಿದ್ರು. ಐದಾತು. ಕಾದೆ, ಕಾದೆ, ಆರನೇದು ಬರ್ಲೇ ಇಲ್ಲ. ಸಣ್ಣೋನ್ನ ಕೇಳಿದ್ರೆ, ನೀನು ಎಣಿಸಿದ್ದು ತಪ್ಪು, ಹಿಂಡು ಹೋಗವ್ವ ಅಂದ."

ಎಮ್ಮೆ ಬೆದರಿ ಹಾಲು ಬಿಡದಿದ್ದರೆ ಅದಕ್ಕೆ ಯಾರೂ ಹುಚ್ಚು ಎನ್ನಲಿಲ್ಲ, ಕಾದರು. ಇದನ್ನು ಆ ಮುದುಕಿಯ ಎದುರು ಹೇಳಬೇಕೆನ್ನಿಸಿತು. ಅವರ ಮುಖ ನೋಡಿ ಹೇಳದೆ ಎದ್ದುಬಂದೆ. ಅವರು ಕಳೆದುಕೊಂಡದ್ದೂ ಮಗನನ್ನೇ. ಅವರ ಬಳಿ ಉಳಿದಿದ್ದವನೂ ಮಗನೇ.

ಮೇಸ್ತ್ರಿ ನಿಜವಾಗಿಯೂ ಎಚ್ಚರಿಸಿದ್ದನೋ, ಅದಕ್ಕೆ ಅವನ ಮಾತೊಂದೇ ಆಧಾರ. ಬೆಳಿಗ್ಗೆ ಭಾವನನ್ನು ಇಳಿ ಎಂದವರು ಯಾರು, ಅಥವಾ ಅವರೇ ಇಳಿದರೋ, ನನಗೆ ತಿಳಿಯದು. ಕೂಗು ಈಗಲೂ ನನ್ನ ತಲೆಯಲ್ಲಿ ಕೇಳುತ್ತದೆ. ಅದನ್ನು ತೆಗೆದುಹಾಕುವ ವಿದ್ಯೆ ನಾನು ಕಲಿಯಲಿಲ್ಲ. ಒಬ್ಬರ ಮಾತು ಇನ್ನೊಬ್ಬರಿಗೆ ಗೊತ್ತಿಲ್ಲದೆ ಇಬ್ಬರು ಹೇಳಿದ್ದು, ನಾನು ಒಂದಕ್ಕೊಂದು ಇಟ್ಟು ನೋಡಿ ಒಪ್ಪಿದ್ದು ಇದೊಂದೇ: ಹಿಂದಿನ ಸಂಜೆ ಮದ್ದು ತುಂಬಿದ ಕುಳಿ ಆರು, ಹಾರಿದ್ದು ಐದು.